ಋತುಬಂಧದ ನಂತರದ ಮೂಳೆ ಸವಕಳಿ: ತಡೆ

ಮುಟ್ಟು ನಿಂತ ಬಳಿಕ ಹೆಂಗಸರ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುವುದನ್ನು ತಡೆಯುವ ಕ್ರಮಗಳು. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ದುಡಿಯುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್ ಹಾರ್ಮೋನು. ಅಂಡಾಶಯದಲ್ಲಿ ಅದು ಬತ್ತಿದಾಗ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಈ ನಂಟನ್ನು 1940ರ ದಶಕದ ಆರಂಭದಲ್ಲಿ ಗುರುತಿಸಿದವನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್. ಕೊನೆಯ ಮುಟ್ಟಿನ ಆಸುಪಾಸಿನ ಕೆಲವೇ ವರ್ಷಗಳಲ್ಲಿ ನಷ್ಟ ಅತಿ ವೇಗ. ನೋವು ಮಾತ್ರ ಇರುವುದಿಲ್ಲ. ಮಂಡಿನೋವೆಂದು ಆಸ್ಪತ್ರೆಗೆ ಹೋಗುವವರದು ಬಹುಪಾಲು ಕೀಲಿನ ಬೇರೆಯೇ ಕಾಯಿಲೆ. ಮೂಳೆ ಸವಕಳಿ ಬಯಲಾಗುವುದು ಎಡವಿ ಬಿದ್ದು ಮಣಿಕಟ್ಟು ಮುರಿದಾಗ, ಇಲ್ಲವೇ ಬೆನ್ನು ಬಾಗಿ ಎತ್ತರ ಕುಗ್ಗಿದಾಗ.

ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ ನಿಲ್ಲುವ ಮುಟ್ಟು ಭಾರತದಲ್ಲಿ ಸರಾಸರಿ 46–47ಕ್ಕೇ ನಿಲ್ಲುತ್ತದೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಅಂದೇ ಬಂದಂತೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಬೇಡದಿದ್ದರೂ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಅವರಲ್ಲಿ ಹಲವರಿಗೆ 40 ಕೂಡ ಆಗಿರಲಿಲ್ಲ. ಅನಗತ್ಯ ಶಸ್ತ್ರಚಿಕಿತ್ಸೆ ನಿಲ್ಲಿಸುವುದೂ ಮೂಳೆ ಉಳಿಸುವ ಕ್ರಮವೇ, ಆದರೆ ತಡೆಯ ಪಟ್ಟಿಗಳಲ್ಲಿ ಅದು ಕಾಣಸಿಗುವುದು ಅಪರೂಪ.

ಋತುಬಂಧದ ನಂತರ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಹತ್ತಿರ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಇನ್ನೂ ಹೆಚ್ಚು, ಆದರೆ ಎಳ್ಳನ್ನು ಯಾರೂ ಮುದ್ದೆಯಂತೆ ಉಣ್ಣುವುದಿಲ್ಲ. ಹಾಲಿನ ಜೊತೆ ನುಗ್ಗೆಸೊಪ್ಪು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಸೇರಿದರೆ ಅನೇಕರಿಗೆ ಮಾತ್ರೆಯೇ ಬೇಕಾಗದು. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಆಕ್ಸಲೇಟಿಗೆ ಅಂಟಿಕೊಂಡು ದೇಹಕ್ಕೆ ಹೆಚ್ಚು ದಕ್ಕುವುದಿಲ್ಲ.

2011ರ ಜನಗಣತಿಯಲ್ಲಿ 60 ದಾಟಿದವರ ಪಾಲು ಅತಿ ಹೆಚ್ಚಿದ್ದ ರಾಜ್ಯ ಕೇರಳ, ಶೇ. 12.6. ಹೀಗಾಗಿ ಮೂಳೆಯ ಚಿಂತೆ ಅಲ್ಲಿ ಸಹಜ, ಅದಕ್ಕೆ ಮನೆಮದ್ದೂ ಉಂಟು. ತಿರುವನಂತಪುರದ ಚಾಲೈ ಪೇಟೆಯಂಥ ಹಳೆಯ ಪೇಟೆಗಳಲ್ಲಿ ದಿನಸಿಯ ಪಕ್ಕದಲ್ಲೇ ಗಿಡಮೂಲಿಕೆ ಅಂಗಡಿಗಳೂ ಇವೆ. ಮಲಯಾಳಿಗಳು ಚಙ್ಙಲಂಪರಂಡ ಎನ್ನುವ ಬಳ್ಳಿ ನಮ್ಮ ಮಂಗರವಳ್ಳಿ: ನಾಲ್ಕು ಅಂಚಿನ, ಗೆಣ್ಣುಗೆಣ್ಣಾದ ಹಸಿರು ಕಾಂಡ. ಹಸಿಯಾಗಿ ಹೆಚ್ಚಿದರೆ ಕೈ ತುರಿಸುತ್ತದೆ. ಅದಕ್ಕೇ ಅಂಗೈಗೆ ಎಣ್ಣೆ ಸವರಿಕೊಂಡು ಕತ್ತರಿಸಿ, ಹುರಿದು, ಹುಣಸೆಹಣ್ಣು ಹಾಕಿ ಚಟ್ನಿ ಅರೆಯುತ್ತಾರೆ. ಮುರಿದ ಮೂಳೆ ಕೂಡಲು ಇದನ್ನು ಬಳಸುವ ರೂಢಿ ಹಳೆಯದು. ಋತುಬಂಧದ ನಂತರದ ಮೂಳೆಮುರಿತವನ್ನು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಚಟ್ನಿಯಾಗಿ ರುಚಿ, ಮದ್ದಿನ ಬದಲಿಗೆ ಸಲ್ಲದು.

ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಹೀರಿಕೆಯಾಗದು. ಬಿಸಿಲಿನ ನಾಡಿನಲ್ಲಿದ್ದೂ ಇದರ ಕೊರತೆ ವ್ಯಾಪಕ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಉಪಯೋಗಕ್ಕೆ ಬಾರದು. ಔಷಧದಂಗಡಿಯ 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ವಾರಕ್ಕೊಮ್ಮೆಯಂತೆ ಕೆಲವು ವಾರಗಳಿಗಷ್ಟೇ ಬರೆದುಕೊಡುವುದು ವಾಡಿಕೆ. ಚೀಟಿಯ ಅವಧಿ ಮುಗಿದರೂ ಕೊಂಡು ನುಂಗುತ್ತಲೇ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ.

ಭಾರ ಬಿದ್ದ ಮೂಳೆ ಗಟ್ಟಿಯಾಗುತ್ತದೆ. ಚುರುಕಾದ ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವುದು, ಒಂಟಿ ಕಾಲಿನ ಮೇಲೆ ನಿಲ್ಲುವ ಸಮತೋಲನದ ಅಭ್ಯಾಸ ಎಲ್ಲವೂ ಬೇಕು. ಈಜು ಸ್ನಾಯುವಿಗೆ ಒಳ್ಳೆಯದಾದರೂ ಮೂಳೆಗೆ ಅಷ್ಟು ನೆರವಾಗದು. ಬೆನ್ನುಮೂಳೆ ಈಗಾಗಲೇ ಕುಸಿದಿರುವವರು ಮುಂದಕ್ಕೆ ಬಾಗಿ ತುಂಬಿದ ಕೊಡ ಎತ್ತಬಾರದು. ತೊಡೆಯ ಚಪ್ಪೆಮೂಳೆ ಮುರಿಯುವುದು ಬಹುತೇಕ ಬಿದ್ದಾಗ. ಕರಾವಳಿ, ಮಲೆನಾಡು, ಕೇರಳದ ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆಯುವುದು, ಬಚ್ಚಲಿನಲ್ಲಿ ಹಿಡಿಕೆ ಹಾಕಿಸುವುದು, ರಾತ್ರಿ ದೀಪ ಉರಿಸಿಡುವುದು ಮಾತ್ರೆಯಷ್ಟೇ ಮುಖ್ಯ.

ಸಾಂದ್ರತೆ ಅಳೆಯುವುದು ಡೆಕ್ಸಾ ಯಂತ್ರದಿಂದ, ಸೊಂಟ ಮತ್ತು ಬೆನ್ನುಮೂಳೆಯಲ್ಲಿ. ಆ ಅಳತೆಯ ಅಂಕವಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವಕಳಿ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 1994ರ ಮಾನದಂಡ. ಉಚಿತ ಶಿಬಿರಗಳ ಹಿಮ್ಮಡಿ ಪರೀಕ್ಷೆ ಬರೀ ಸುಳಿವು ಕೊಡುತ್ತದೆ.

ಈಸ್ಟ್ರೋಜನ್ ಚಿಕಿತ್ಸೆ ಮುರಿತವನ್ನು ತಗ್ಗಿಸಿದರೂ, ಪ್ರೊಜೆಸ್ಟಿನ್ ಜೊತೆಗೆ ಕೊಟ್ಟಾಗ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 2002ರಲ್ಲಿ ಕಂಡಿತು. ಈಗ ಅದನ್ನು ಸಾಮಾನ್ಯವಾಗಿ 60ರ ಒಳಗಿನವರಿಗೆ ಅಥವಾ ಮುಟ್ಟು ನಿಂತು 10 ವರ್ಷ ಮೀರದವರಿಗೆ, ಅಪಾಯ ತೂಗಿ ನೋಡಿ ಕೊಡುತ್ತಾರೆ. ಮೂಳೆ ಕರಗುವುದನ್ನು ತಗ್ಗಿಸುವ ಬೇರೆ ಔಷಧಗಳೂ ಇವೆ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟದ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಕುಡಿಯಬಾರದು. ಜೊಲೆಡ್ರೊನಿಕ್ ಆಮ್ಲವನ್ನು ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹನಿಸುತ್ತಾರೆ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಚುಚ್ಚುಮದ್ದನ್ನು, ಬದಲಿ ಔಷಧ ಹಿಡಿಯದೆ, ಅರ್ಧಕ್ಕೆ ಬಿಟ್ಟರೆ ಉಳಿಸಿಕೊಂಡ ಸಾಂದ್ರತೆ ಬೇಗ ಇಳಿದು ಬೆನ್ನುಮೂಳೆಗಳು ಒಂದಾದ ಮೇಲೊಂದು ಕುಸಿಯಬಹುದು.