ಮೂಡುಗಾಳಿ, ಪಡುಗಾಳಿ, ತಾರಸಿ: ಮಂಗಳೂರಿನ ಫ್ಲ್ಯಾಟ್‌ಗಳ ಸೆಕೆಯ ಕುರಿತು ಒಂದು ಟಿಪ್ಪಣಿ

ಬೇಸಿಗೆ ಕಾಲಿಟ್ಟೊಡನೆ ಮನೆ ತಂಪಾಗಿಡುವ ಸಲಹೆಗಳು ಎಲ್ಲೆಡೆ ಕೇಳಿಬರುತ್ತವೆ. ಹಗಲು ಕಿಟಕಿ ಮುಚ್ಚಿ, ಪರದೆಗೆ ನೀರು ಚಿಮುಕಿಸಿ, ಕೂಲರ್ ಇಡಿ, ರಾತ್ರಿ ಕಿಟಕಿ ತೆರೆಯಿರಿ. ಇವುಗಳಲ್ಲಿ ಬಹುಪಾಲು ಒಣಹವೆಯ ಊರುಗಳ ಅನುಭವದಿಂದ ಬಂದವು. ಕಲಬುರಗಿ, ರಾಯಚೂರುಗಳಲ್ಲಿ ಫಲ ಕೊಡುವ ಈ ಉಪಾಯಗಳು ಮಂಗಳೂರಿನ ಫ್ಲ್ಯಾಟಿನಲ್ಲಿ ಎಷ್ಟರಮಟ್ಟಿಗೆ ನಡೆಯುತ್ತವೆ ಎಂದು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಇಲ್ಲಿನ ಬೇಸಿಗೆಯಲ್ಲಿ ಎರಡು ಬೇರೆ ಬೇರೆ ಬಗೆಯ ಸೆಕೆ ಇದೆ. ಯಾವ ದಿನ ಯಾವ ಉಪಾಯ ಎಂಬುದನ್ನು ಆ ಹೊತ್ತಿನ ಗಾಳಿಯ ದಿಕ್ಕು ನೋಡಿ ತೀರ್ಮಾನಿಸಬೇಕು. ಮೇಲಿನ ಮಹಡಿಯವರಿಗೆ ಇದಕ್ಕಿಂತ ಮುಖ್ಯವಾದದ್ದು ತಾರಸಿ.

1. ಎರಡು ಬಗೆಯ ಸೆಕೆ

ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಬಿಸಿಗಾಳಿಯ ಮಾತು ಎತ್ತುತ್ತದೆ. ಕರಾವಳಿಗೆ ಆ ಮಿತಿ 37 ಡಿಗ್ರಿ. ಅದು ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚೂ ಇರಬೇಕು. ಮಂಗಳೂರಿನಲ್ಲಿ ಈ ಮಿತಿ ದಾಟುವ ದಿನಗಳು ಸಾಮಾನ್ಯವಾಗಿ ಮೇ ತಿಂಗಳಿನವಲ್ಲ, ಫೆಬ್ರುವರಿ ಕೊನೆ ಮತ್ತು ಮಾರ್ಚ್ ತಿಂಗಳಿನವು. 2025ರಲ್ಲಿ ಇಲಾಖೆ ಕರ್ನಾಟಕ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟದ್ದೂ ಫೆಬ್ರುವರಿಯ ಕೊನೆಯ ವಾರದಲ್ಲೇ.

ಕಾರಣ ಸರಳ. ಆ ದಿನಗಳಲ್ಲಿ ಘಟ್ಟದ ಕಡೆಯಿಂದ ಇಳಿಯುವ ಮೂಡುಗಾಳಿ ಬಲವಾಗಿರುತ್ತದೆ. ಕಡಲ ಗಾಳಿ, ಅಂದರೆ ಪಡುಗಾಳಿ, ಸಾಮಾನ್ಯವಾಗಿ ನಡುಹಗಲಿಗೆ ಮೊದಲೇ ಏಳಬೇಕು. ಮೂಡುಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ಅಷ್ಟರಲ್ಲಿ ಉಷ್ಣಾಂಶ ಏರಿಬಿಟ್ಟಿರುತ್ತದೆ, ಗಾಳಿ ಮಾತ್ರ ಒಣಗಿರುತ್ತದೆ. ಏಪ್ರಿಲ್, ಮೇ ತಿಂಗಳ ಕತೆ ಬೇರೆ. ಆಗ ಕಡಲ ಗಾಳಿ ಸಮಯಕ್ಕೆ ಸರಿಯಾಗಿ ಬರುತ್ತದೆ, ಉಷ್ಣಾಂಶ 33–34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ತೇವಾಂಶದಿಂದಾಗಿ ಬೆವರು ಆರುವುದಿಲ್ಲ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಅದೇ ಬೆವರು ಅಂಗಿ ತೋಯಿಸಿ ತೊಟ್ಟಿಕ್ಕಿದರೆ ದೇಹದಿಂದ ನೀರೂ ಉಪ್ಪೂ ಹೋದವು, ಶಾಖ ಹೋಗಲಿಲ್ಲ. ಮಾಪಕದಲ್ಲಿ ಕಡಿಮೆ ಕಾಣುವ ಮೇ ತಿಂಗಳ ಸೆಕೆ ಜನರಿಗೆ ಹೆಚ್ಚು ಅಸಹನೀಯ ಎನಿಸುವುದು ಇದರಿಂದ.

2. ಕೂಲರ್ ಮತ್ತು ಒದ್ದೆ ಪರದೆಯ ಲೆಕ್ಕ

ನೀರು ಆವಿಯಾಗಿಸಿ ಗಾಳಿ ತಂಪು ಮಾಡುವ ಯಾವ ಸಾಧನಕ್ಕೂ ಒಂದು ಮಿತಿ ಇದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕಿಗಿಂತ ಕೆಳಕ್ಕೆ ಅದು ಗಾಳಿಯನ್ನು ಇಳಿಸಲಾರದು. ಕಲಬುರಗಿಯ ಬೇಸಿಗೆಗೆ ಹೊಂದುವ 40 ಡಿಗ್ರಿ, ಶೇ. 20 ತೇವಾಂಶವನ್ನು ತೆಗೆದುಕೊಂಡರೆ ಈ ಮಿತಿ ಸುಮಾರು 23 ಡಿಗ್ರಿ. ಒಳ್ಳೆಯ ಕೂಲರ್ ಆ ಅಂತರದ ಐದರಲ್ಲಿ ನಾಲ್ಕು ಪಾಲು ಕ್ರಮಿಸಿದರೂ ಹೊರಬರುವ ಗಾಳಿ 26 ಡಿಗ್ರಿಯ ಹತ್ತಿರ ಇರುತ್ತದೆ. ಮಂಗಳೂರಿನ ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದುವ 34 ಡಿಗ್ರಿ, ಶೇ. 65 ತೇವಾಂಶಕ್ಕೆ ಮಿತಿ ಸುಮಾರು 28.5 ಡಿಗ್ರಿ. ಅದೇ ಕೂಲರಿನಿಂದ ಬರುವುದು 29–30 ಡಿಗ್ರಿಯ, ತೇವಾಂಶ ಶೇ. 90 ದಾಟಿದ ಗಾಳಿ. ಕಿಟಕಿ ಮುಚ್ಚಿ ಇದನ್ನು ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆ ಬಚ್ಚಲುಮನೆಯ ಸ್ಥಿತಿಗೆ ಬರುತ್ತದೆ.

ಆದರೆ ಮೂಡುಗಾಳಿಯ ದಿನಗಳಿಗೆ ಈ ತೀರ್ಮಾನ ಹೊಂದುವುದಿಲ್ಲ. 37 ಡಿಗ್ರಿ, ಶೇ. 30 ತೇವಾಂಶವಿದ್ದರೆ ಮಿತಿ 24ಕ್ಕೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಪೂರ್ವದ ಕಿಟಕಿಗಳನ್ನು ಮುಚ್ಚಿಡುವುದು, ಒದ್ದೆ ಬಟ್ಟೆ ಹರಡುವುದು ಇಲ್ಲಿಯೂ ಸರಿಯಾದ ಕ್ರಮ. ಕಡಲ ಗಾಳಿ ಎದ್ದೊಡನೆ ಒದ್ದೆ ಬಟ್ಟೆ ತೆಗೆದು ಕಿಟಕಿ ತೆರೆಯಬೇಕು. ಗಾಳಿ ತಿರುಗಿದ್ದು ತಿಳಿಯಲು ಉಪಕರಣ ಬೇಡ. ಪಶ್ಚಿಮದ ಕಿಟಕಿಯ ಸರಳಿನ ಬಳಿ ಊದುಬತ್ತಿ ಹಿಡಿದರೆ ಸಾಕು: ಹೊಗೆ ಹೊರಕ್ಕೆ ಎಳೆದುಕೊಂಡು ಹೋದರೆ ಮೂಡುಗಾಳಿ, ಒಳಕ್ಕೆ ಬಾಗಿದರೆ ಕಡಲ ಗಾಳಿ, ನೆಟ್ಟಗೆ ಮೇಲೇರಿದರೆ ಗಾಳಿಯೇ ಇಲ್ಲ.

3. ಪಶ್ಚಿಮದ ಕಿಟಕಿ

ಮಂಗಳೂರಿನ ಕಟ್ಟಡಗಳ ನಿಜವಾದ ಇಕ್ಕಟ್ಟು ಇಲ್ಲಿದೆ. ಮಧ್ಯಾಹ್ನದ ಮೇಲೆ ಗಾಳಿ ಬರುವ ದಿಕ್ಕಿನಿಂದಲೇ ಬಿಸಿಲೂ ಬರುತ್ತದೆ. ಕಿಟಕಿ ಮುಚ್ಚಿದರೆ ಗಾಳಿ ಇಲ್ಲ, ತೆರೆದರೆ ಬಿಸಿಲು. ಮೇಲಿನ ಛಜ್ಜಾದಿಂದ ಪರಿಹಾರ ಸಿಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮೇಲಿರುತ್ತಾನೆ. ಎರಡು ಅಡಿ ಚಾಚಿದ ಛಜ್ಜಾ ಆಗ ಸುಮಾರು ಒಂದೂಕಾಲು ಅಡಿ ಎತ್ತರಕ್ಕಷ್ಟೇ ನೆರಳು ಕೊಡುತ್ತದೆ. ನಾಲ್ಕಡಿ ಕಿಟಕಿಯ ಮೂರರಲ್ಲಿ ಎರಡು ಪಾಲಿಗೆ ನೇರ ಬಿಸಿಲು ಬೀಳುತ್ತದೆ. ಒಳಗಿನ ಪರದೆ ಕಣ್ಣಿಗೆ ಹಿತ ಕೊಡಬಹುದು. ಆದರೆ ಗಾಜು ದಾಟಿದ ಶಾಖ ಆಗಲೇ ಕೋಣೆಯೊಳಗಿದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಬಾಲ್ಕನಿಯ ಹೊರ ಅಂಚಿಗೆ ಇಳಿಬಿಟ್ಟ ಬಿದಿರಿನ ಪರದೆ ಅಥವಾ ಹಸಿರು ನೆರಳುಬಲೆ ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ.

ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ವಸತಿ ಕಟ್ಟಡಗಳ ಸಂಹಿತೆ, ಇಕೋ ನಿವಾಸ್ ಸಂಹಿತಾ, ಬಿಸಿ ಮತ್ತು ತೇವದ ಹವೆಯ ಪ್ರದೇಶಗಳಲ್ಲಿ ಮನೆಯ ನೆಲದ ವಿಸ್ತೀರ್ಣಕ್ಕೆ ಶೇ. 16.66ರಷ್ಟು ತೆರೆಯಬಲ್ಲ ಕಿಟಕಿ-ಬಾಗಿಲು ಇರಬೇಕೆನ್ನುತ್ತದೆ. ಬಿಸಿ ಮತ್ತು ಒಣಹವೆಯ ಪ್ರದೇಶಕ್ಕೆ ಅದು ಕೇಳುವುದು ಶೇ. 10 ಮಾತ್ರ. ಸಾವಿರ ಚದರಡಿ ಒಳವಿಸ್ತೀರ್ಣದ ಫ್ಲ್ಯಾಟಿಗೆ ಇಲ್ಲಿ ಸುಮಾರು 167 ಚದರಡಿ ಬೇಕು. ಈಗಿನ ಫ್ಲ್ಯಾಟ್‌ಗಳಲ್ಲಿ ಸಾಮಾನ್ಯವಾದ ಎರಡು ಹಳಿಯ ಅಲ್ಯೂಮಿನಿಯಂ ಜಾರುಕಿಟಕಿ ಎಷ್ಟೇ ಅಗಲವಿರಲಿ, ತೆರೆಯುವುದು ಅರ್ಧ ಮಾತ್ರ. ಹಳೆಯ ಮರದ ಕದಗಳು ಪೂರ್ತಿ ತೆರೆಯುತ್ತಿದ್ದವು. ಮಲೇರಿಯಾ, ಡೆಂಗಿ ಕಾಡಿರುವ ಈ ಊರಿನಲ್ಲಿ ಗಾಳಿ ತಡೆಯುತ್ತದೆಂದು ಸೊಳ್ಳೆಪರದೆ ತೆಗೆಯಿರಿ ಎನ್ನುವಂತಿಲ್ಲ. ಅದರ ದೂಳು ಆಗಾಗ ತೊಳೆಯಬಹುದು. ಕಟ್ಟಡ ದುರಸ್ತಿಯ ಸಂದರ್ಭ ಬಂದಾಗ ಜಾರುಕಿಟಕಿಯ ಬದಲು ಪೂರ್ತಿ ತೆರೆಯುವ ಕದ ಹಾಕಿಸುವುದು ಉಪಯುಕ್ತ. ಗಾಳಿ ಒಳಬಂದರೆ ಸಾಲದು, ಹೊರಹೋಗಲೂ ದಾರಿ ಬೇಕು. ಎದುರು ಬದಿಯ ಕಿಟಕಿ ಮುಚ್ಚಿದ್ದರೆ ಪಶ್ಚಿಮದ ಕಿಟಕಿ ತೆರೆದೂ ಪ್ರಯೋಜನ ಕಡಿಮೆ.

4. ತಾರಸಿ

ಮಂಗಳೂರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24–25ರ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಗಡಿಯಾರದಲ್ಲಿ ಆಗ ಹೆಚ್ಚುಕಡಿಮೆ ಹನ್ನೆರಡೂವರೆ. ಆ ದಿನಗಳಲ್ಲಿ ಗೋಡೆಗಳಿಗಿಂತ ಹೆಚ್ಚು ಬಿಸಿಲು ಕುಡಿಯುವುದು ತಾರಸಿ. ನಾಲ್ಕೈದು ಇಂಚಿನ ಕಾಂಕ್ರೀಟನ್ನು ದಾಟಿ ಆ ಶಾಖ ಕೆಳಗೆ ಬರಲು ಮೂರ್ನಾಲ್ಕು ಗಂಟೆ ಬೇಕು. ಮೇಲಿನ ಮಹಡಿಯ ಮನೆಯಲ್ಲಿ ಸಂಜೆ ಸ್ಟೂಲಿನ ಮೇಲೆ ನಿಂತು ಸೀಲಿಂಗಿಗೆ ಅಂಗೈ ಒಡ್ಡಿದರೆ ಮುಟ್ಟುವ ಮೊದಲೇ ಕಾವು ತಿಳಿಯುತ್ತದೆ. ಹೊರಗೆ ಬಿಸಿಲು ಇಳಿದಿದ್ದರೂ ಒಳಗೆ ಸೆಕೆ ಏರುವುದು ಇದರಿಂದ.

ಈ ಊರಿನ ಹಳೆಯ ಮಾಡು ಹೀಗಿರಲಿಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ತೆಳು. ಅದು ಬೇಗ ಕಾಯುತ್ತದೆ, ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ. ಏರಿದ ಬಿಸಿಗಾಳಿ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರೆ ಹೆಂಚಿನ ಕಾವು ನೇರ ಮೈಮೇಲೆ ಬೀಳುವುದಿಲ್ಲ. ಹೆಂಚು, ನಡುವೆ ಗಾಳಿ, ಕೆಳಗೆ ಮುಚ್ಚಿಗೆ: ತಾರಸಿ ಮನೆ ಕಳೆದುಕೊಂಡದ್ದು ಈ ನಡುವಿನ ಗಾಳಿಯನ್ನು.

ಮಂಗಳೂರಿಗರು ಅದನ್ನು ತಮ್ಮದೇ ರೀತಿಯಲ್ಲಿ ಮರಳಿ ತಂದಿದ್ದಾರೆ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿಸುವುದು ಇಲ್ಲಿ ಸರ್ವೇಸಾಮಾನ್ಯ. ಮಳೆನೀರು ಸೋರದಿರಲಿ, ಬಟ್ಟೆ ಒಣಗಲಿ ಎಂಬುದು ಅದರ ಮೊದಲ ಉದ್ದೇಶ. ಆದರೆ ಸೆಕೆಯ ದೃಷ್ಟಿಯಿಂದಲೂ ಅದು ಸರಿಯಾದ ವಿನ್ಯಾಸ, ಒಂದು ಷರತ್ತಿನ ಮೇಲೆ: ಬದಿಗಳು ತೆರೆದಿರಬೇಕು. ಸುತ್ತಲೂ ಶೀಟಿನಿಂದ ಮುಚ್ಚಿದರೆ ಕಾದ ಗಾಳಿ ಒಳಗೇ ಸಿಕ್ಕಿಕೊಂಡು ತಾರಸಿಯನ್ನೇ ಕಾಯಿಸುತ್ತದೆ.

ಶೀಟ್ ಸಾಧ್ಯವಿಲ್ಲದಲ್ಲಿ ಬಿಳಿ ಬಣ್ಣ ಅಥವಾ ಸುಣ್ಣ ಹೊಡೆಸಬಹುದು. ಹೊಸ ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಇಲ್ಲಿ ಸುಣ್ಣ ಒಂದೇ ಮಳೆಗಾಲಕ್ಕೆ ತೊಳೆದುಹೋಗಿ ಮೇಲ್ಮೈ ಪಾಚಿಯಿಂದ ಕಪ್ಪಾಗುತ್ತದೆ. ಆದ್ದರಿಂದ ಪ್ರತಿ ಜನವರಿಯಲ್ಲಿ ಉಜ್ಜಿ ತೊಳೆದು ಮತ್ತೆ ಬಳಿಯಬೇಕು. ಸಂಜೆ ತಾರಸಿಗೆ ನೀರು ಹೊಯ್ಯುವ ರೂಢಿ ಫಲ ಕೊಡುವುದೇನೋ ನಿಜ. ಆದರೆ ನಗರದ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುತ್ತದೆ. 2019 ಮತ್ತು 2023ರ ಬೇಸಿಗೆಗಳಲ್ಲಿ ನೀರಿನ ಪಡಿತರ ಮಾಡಬೇಕಾಯಿತು. ಸೆಕೆ ಹೆಚ್ಚಿದಾಗಲೇ ನೀರೂ ಇಲ್ಲದ ಊರಿನಲ್ಲಿ ಇದನ್ನು ಪರಿಹಾರವೆಂದು ಎಣಿಸಲಾಗದು.

5. ಸಂಜೆಯ ಬಿಡುವು

ಕಡಲ ಗಾಳಿ ಸೂರ್ಯಾಸ್ತದ ನಂತರ ಸೋಲುತ್ತದೆ. ನೆಲದ ಗಾಳಿ ತಿರುಗಲು ರಾತ್ರಿಯಾಗಬೇಕು. ಈ ನಡುವಿನ ಹೊತ್ತಿನಲ್ಲಿ ಊದುಬತ್ತಿಯ ಹೊಗೆ ನೆಟ್ಟಗೆ ನಿಲ್ಲುತ್ತದೆ, ತಾರಸಿ ಹಗಲಿನ ಕಾವನ್ನು ಇನ್ನೂ ಬಿಡುತ್ತಿರುತ್ತದೆ. ದಿನದ ಅತಿ ಕೆಟ್ಟ ಗಳಿಗೆ ಇದು. ಮೇಲಿನ ಮಹಡಿಯಲ್ಲಿ ಸೀಲಿಂಗ್ ಫ್ಯಾನ್ ಬಿಸಿಗಾಳಿ ಕೊಡುತ್ತದೆ ಎಂಬ ದೂರು ಸುಳ್ಳಲ್ಲ. ಅದು ಸೀಲಿಂಗಿಗೆ ಅಂಟಿದ ಕಾದ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ. ಆಗ ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು, ಎದುರು ಬದಿಯ ಕಿಟಕಿ ತೆರೆದರೆ ಹೊರಗಿನ ತಂಪು ಗಾಳಿ ಒಳಬರುತ್ತದೆ.

ಕೋಣೆಯ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ಫ್ಯಾನ್ ನಿಸ್ಸಂದೇಹವಾಗಿ ಹಿತ. 40 ಡಿಗ್ರಿ ಮೀರಿದರೆ ಅದು ಮೈಯನ್ನು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಮಂಗಳೂರಿನಲ್ಲಿ ಆ ಪ್ರಸಂಗ ಅಪರೂಪ. ಹಳೆಯ ಸೀಲಿಂಗ್ ಫ್ಯಾನ್ 70–80 ವಾಟ್ ಎಳೆದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಎಸಿ ಇದ್ದವರು 26 ಡಿಗ್ರಿಗಿಟ್ಟು ಜೊತೆಗೆ ಫ್ಯಾನ್ ಹಾಕಿದರೆ ಸಾಕಾಗುತ್ತದೆ. ಇಲ್ಲಿ ಎಸಿಯ ಮುಖ್ಯ ಉಪಕಾರ ತೇವಾಂಶ ಇಳಿಸುವುದು.

6. ಅಡುಗೆಮನೆ ಮತ್ತು ಮೈ

ಮನೆಯೊಳಗೇ ಹುಟ್ಟುವ ಶಾಖದಲ್ಲಿ ಮೊದಲ ಸ್ಥಾನ ಒಲೆಗೆ. ಗ್ಯಾಸಿನ ದೊಡ್ಡ ಬರ್ನರ್ ಸುಮಾರು 2 ಕಿಲೋವಾಟ್ ಶಾಖ ಕೊಡುತ್ತದೆ. ಸುಮ್ಮನೆ ಕುಳಿತ ಇಪ್ಪತ್ತು ಮಂದಿ ಹೊರಹಾಕುವಷ್ಟು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಜೊತೆಗೆ ಹಬೆಯನ್ನೂ ತುಂಬುತ್ತದೆ. ಬೆಳಿಗ್ಗೆ ಏಳರ ಒಳಗೆ ಕುಕ್ಕರಿನಲ್ಲಿ ಬೇಯಿಸಿ, ಎಕ್ಸಾಸ್ಟ್ ಫ್ಯಾನ್ ಓಡಿಸಿ, ಅಡುಗೆಮನೆಯ ಬಾಗಿಲು ಎಳೆದುಕೊಂಡರೆ ವ್ಯತ್ಯಾಸ ಕಾಣುತ್ತದೆ. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಬೊಂಡ (ಎಳನೀರು) ಬೆವರಿನಲ್ಲಿ ಹೋದ ನೀರು-ಲವಣವನ್ನು ತುಂಬಿಕೊಡುತ್ತವೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು, ಬೊಂಡದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಮೈ ಸುಡುತ್ತಿದ್ದು ಮಾತು ತೊದಲಿದರೆ, ಮಂಕು ಕವಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು.

7. ನಿರ್ಣಯ

ಮೂಡುಗಾಳಿಯ ದಿನ ಮುಚ್ಚಿ ಒದ್ದೆ ಮಾಡುವುದು, ಪಡುಗಾಳಿಯ ದಿನ ಹೊರಗಿನಿಂದ ನೆರಳು ಮಾಡಿ ತೆರೆಯುವುದು: ಮಂಗಳೂರಿನ ಫ್ಲ್ಯಾಟ್‌ವಾಸಿಗಳು ಒಬ್ಬೊಬ್ಬರೇ ಮಾಡಬಹುದಾದದ್ದು ಇಷ್ಟು. ತಾರಸಿಯ ವಿಷಯ ಹಾಗಲ್ಲ. ಅದು ಎಲ್ಲ ಮಾಲೀಕರ ಸಮಾನ ಸ್ವತ್ತು. ಸೆಕೆ ತಿನ್ನುವವರು ಮೇಲಿನ ಮಹಡಿಯವರಾದರೂ ತೀರ್ಮಾನ ಎಲ್ಲರದ್ದು. ಅಪಾರ್ಟ್‌ಮೆಂಟ್ ಸಂಘಗಳು ಶೀಟ್ ಅಥವಾ ಬಿಳಿ ಬಣ್ಣದ ವಿಷಯವನ್ನು ವಾರ್ಷಿಕ ನಿರ್ವಹಣೆಯ ಖರ್ಚಿನಲ್ಲೇ ಸೇರಿಸಿ, ಫೆಬ್ರುವರಿ ಬರುವ ಮೊದಲೇ ಕೆಲಸ ಮುಗಿಸಬೇಕು. ಏಪ್ರಿಲಿನಲ್ಲಿ ಸಭೆ ಕರೆದರೆ ಆ ವರ್ಷಕ್ಕೆ ಪ್ರಯೋಜನವಿಲ್ಲ.