ಬಿಸಿಲಲ್ಲಿ ಬಳಲಿದವರ ಮೈಮೇಲೆ ತಣ್ಣೀರು ಹಾಕಬಾರದೇ? ಕರಾವಳಿ ಸೈಕಲ್ ಸವಾರಿಯ ಫಾರ್ವರ್ಡ್‌ಗಳು ಮತ್ತು ನಿಜಾಂಶ

ಮಾರ್ಚ್ ಬರುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಹರಿದಾಡುತ್ತದೆ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ, ಕೈಕಾಲು ತೊಳೆಯಬೇಡಿ, ಸಣ್ಣ ರಕ್ತನಾಳಗಳು ಒಡೆದುಹೋಗುತ್ತವೆ ಎಂಬುದು ಅದರ ಸಾರ. ಕೊನೆಗೆ ‘ಎಲ್ಲರಿಗೂ ಕಳುಹಿಸಿ’ ಎಂಬ ಕೋರಿಕೆ ಇದ್ದೇ ಇರುತ್ತದೆ. ಈ ಸಂದೇಶ ಸುಳ್ಳು. ಸೈಕಲ್ ಸವಾರರು ಇದನ್ನು ನಂಬಿದರೆ ಪ್ರಾಣಕ್ಕೇ ಕುತ್ತು, ಏಕೆಂದರೆ ಬಿಸಿಲಾಘಾತವಾದಾಗ ಮೊದಲು ಮಾಡಬೇಕಾದ ಕೆಲಸವನ್ನೇ ಇದು ಮಾಡಬೇಡಿ ಎನ್ನುತ್ತದೆ.

ಉಡುಪಿ ಜಿಲ್ಲೆಯ ಕರಾವಳಿ ರಸ್ತೆಗಳು ಸೈಕಲ್ ಪ್ರಿಯರಿಗೆ ಅಚ್ಚುಮೆಚ್ಚು. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಬಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮುಂದೆ ಗುಳ್ಳ ಬದನೆಗೆ ಹೆಸರಾದ ಮಟ್ಟು, ಆಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಕಾಪು. ಉತ್ತರಕ್ಕೆ ಹೋದರೆ ಹೂಡೆಯಿಂದ ಕೋಡಿ ಬೆಂಗ್ರೆಯವರೆಗಿನ ಕಿರಿದಾದ ದಾರಿ, ಕುಂದಾಪುರ ದಾಟಿದ ಮೇಲೆ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರವಿರುವ ಮರವಂತೆ. ತೆಂಗಿನ ನೆರಳು, ತಂಗಾಳಿ, ಸಮತಟ್ಟು ರಸ್ತೆ. ಇಷ್ಟೆಲ್ಲ ಇರುವಾಗ ಬಿಸಿಲಿನ ಭಯ ಯಾಕೆ ಎಂದು ಅನಿಸುವುದು ಸಹಜ. ಎಡವುವುದೂ ಇಲ್ಲಿಯೇ.

ಕಡಲ ಗಾಳಿ ಇದ್ದರೆ ಬಿಸಿಲು ತಾಗುವುದಿಲ್ಲವೇ?

ತಾಗುತ್ತದೆ. ಸೈಕಲ್ ತುಳಿಯುವಾಗ ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖ. ಪೆಡಲಿಗೆ 100 ವ್ಯಾಟ್ ಕೊಡುತ್ತಿದ್ದರೆ ಒಳಗೆ 300ಕ್ಕಿಂತ ಹೆಚ್ಚು ವ್ಯಾಟ್ ಬಿಸಿ ಹುಟ್ಟುತ್ತಿರುತ್ತದೆ. ಇದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಆದರೆ ಬೆವರು ಸುರಿದರೆ ಸಾಲದು, ಅದು ಆವಿಯಾಗಬೇಕು. ಮೂಗಿನ ತುದಿಯಿಂದ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ.

ಕರಾವಳಿಯ ಗಾಳಿಯಲ್ಲಿ ಮೊದಲೇ ತೇವಾಂಶ ತುಂಬಿರುತ್ತದೆ, ಹಾಗಾಗಿ ಬೆವರು ಬೇಗ ಆರುವುದಿಲ್ಲ. ಇದನ್ನು ಅಳೆಯಲು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಬಳಸುತ್ತಾರೆ. ನೀರು ಆರಿದಾಗ ಎಷ್ಟು ತಂಪಾಗಬಹುದು ಎಂಬುದನ್ನು ಅದು ತೋರಿಸುತ್ತದೆ. ಕಲಬುರಗಿಯ ಕಡೆಯ ಒಣ ಬೇಸಿಗೆಯಂತೆ 40 ಡಿಗ್ರಿ ಸೆಲ್ಸಿಯಸ್ ಬಿಸಿಲು, ಶೇ. 20 ತೇವಾಂಶ ಇದ್ದಾಗ ಅದು ಸುಮಾರು 23 ಡಿಗ್ರಿ ತೋರಿಸುತ್ತದೆ. ಕರಾವಳಿಯಲ್ಲಿ ಬರೀ 34 ಡಿಗ್ರಿ, ಆದರೆ ತೇವಾಂಶ ಶೇ. 65 ಇದ್ದರೆ ಸುಮಾರು 28 ಡಿಗ್ರಿ. ಅಂದರೆ ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಕಡಿಮೆ ಅಂಕಿ ಕಂಡರೂ ಬೆವರಿನ ಕೆಲಸ ಕಡಲ ಬದಿಯಲ್ಲೇ ಕಷ್ಟ.

ಇನ್ನೊಂದು ಮೋಸವೂ ಇದೆ. ಸೈಕಲ್ ಓಡುತ್ತಿರುವಾಗ ಎದುರುಗಾಳಿ ಬೆವರನ್ನು ಆರಿಸುತ್ತಿರುತ್ತದೆ, ಸೆಕೆ ಗೊತ್ತಾಗುವುದಿಲ್ಲ. ಗೂಡಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಮೈಯಿಂದ ಧಾರೆಧಾರೆ ಇಳಿಯುತ್ತದೆ. ಬೆನ್ನ ಹಿಂದಿನ ಗಾಳಿ ಇದ್ದಾಗಲಂತೂ ಆರಾಮವಾಗಿ ಸಾಗುತ್ತೇವೆ ಅಂದುಕೊಳ್ಳುತ್ತೇವೆ. 20 ಕಿ.ಮೀ. ವೇಗದಲ್ಲಿ ಹೋಗುವಾಗ ಹಿಂದಿನಿಂದ 15 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಾಗುವುದು 5 ಕಿ.ಮೀ. ಗಾಳಿ ಮಾತ್ರ. ತುಳಿಯಲು ಸುಲಭವಾದರೂ ಮೈ ಕಾಯುವುದು ಆಗಲೇ.

ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸೆಕೆಗೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಿಗ್ಗೆ ಇಳಿದವರಿಗೆ ಆ ಅವಕಾಶವೇ ಇರುವುದಿಲ್ಲ. ಊರಿನಲ್ಲಿ 80 ಕಿ.ಮೀ. ತುಳಿದ ಅಭ್ಯಾಸ ಇದೆ ಎಂದು ಇಲ್ಲಿಯೂ ಅಷ್ಟೇ ಲೆಕ್ಕ ಹಾಕಬೇಡಿ.

ಹಾಗಾದರೆ ತಣ್ಣೀರು?

ಧಾರಾಳವಾಗಿ ಹಾಕಿ. ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ಒಡೆಯುವುದಿಲ್ಲ. ಆರೋಗ್ಯವಂತರು ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ಹೆಚ್ಚೆಂದರೆ ಗಂಟಲು ಅಥವಾ ಹಣೆ ಒಂದು ಕ್ಷಣ ಚುಳುಕ್ಕೆನ್ನಬಹುದು. ಹೃದ್ರೋಗ ಇರುವವರು ಐಸ್ ನೀರಿನ ತೊಟ್ಟಿಗೆ ಏಕಾಏಕಿ ಇಳಿಯುವುದು ಬೇರೆ ವಿಷಯ.

ಜೊತೆಗಿದ್ದ ಸವಾರರು ಸಂಬಂಧವಿಲ್ಲದ ಮಾತು ಆಡತೊಡಗಿದರೆ, ಸೈಕಲ್ ಅಡ್ಡಾದಿಡ್ಡಿ ಹೋದರೆ, ಕುಸಿದು ಬಿದ್ದರೆ ಬಿಸಿಲಾಘಾತ ಎಂದು ಅನುಮಾನಿಸಿ. ಆಗ ದೇಹದೊಳಗಿನ ತಾಪಮಾನ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿದ್ದರೆ ಮಾತ್ರ ಬಿಸಿಲಾಘಾತ ಎಂಬುದೂ ತಪ್ಪು ತಿಳಿವಳಿಕೆ. ದೈಹಿಕ ಶ್ರಮದಿಂದ ಬರುವ ಆಘಾತದಲ್ಲಿ ಮೈ ಬೆವರಿನಿಂದ ತೊಯ್ದೇ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿಗೆ ಒಯ್ದು, ಹೆಲ್ಮೆಟ್, ಬಿಗಿ ಬಟ್ಟೆ ಸಡಿಲಿಸಿ, ಹತ್ತಿರದ ಮನೆಯ ಬಾವಿ ನೀರೋ ನಲ್ಲಿ ನೀರೋ ಸಿಕ್ಕಿದ್ದನ್ನು ಮೈಮೇಲೆ ಸುರಿಯುತ್ತಾ ಜೋರಾಗಿ ಗಾಳಿ ಹಾಕಿ. ಪಡುಕೆರೆಯಂತಹ ಕಡೆ ಐಸ್ ಸಿಗುವುದೂ ಕಷ್ಟವಲ್ಲ, ಮೀನಿನ ಊರು. ಅದನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಡಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು.

ಎಷ್ಟು ಕುಡಿದರೂ ಒಳ್ಳೆಯದೇ?

ಇದಕ್ಕೂ ಮಿತಿ ಉಂಟು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಅದರ ಮೇಲೆ ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಗೆ ಹೀಗಾಗಿತ್ತು. ಬಾಯಾರಿಕೆ ಆದಾಗ ಕುಡಿಯುವುದು ಸರಿಯಾದ ಕ್ರಮ. ನಿಮ್ಮ ಲೆಕ್ಕ ತಿಳಿಯಬೇಕಿದ್ದರೆ ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕೊರತೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ.

ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದರ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿ-ಉಪ್ಪಿನಕಾಯಿಯೋ ಇದ್ದರೆ ಲೆಕ್ಕ ಸರಿಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಸಮತಟ್ಟು ರಸ್ತೆ, ಸುಲಭದ ಸವಾರಿ?

ಏರು ಇಲ್ಲದಿದ್ದರೂ ಗಾಳಿ ಇದೆಯಲ್ಲ! ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಏರಿದಾಗ ಕಡಲಿನಿಂದ ಗಾಳಿ ಒಳನುಗ್ಗುತ್ತದೆ. ಬೇಸಿಗೆಯಲ್ಲಿ ಇದು ಮಧ್ಯಾಹ್ನದ ನಂತರ ಪಶ್ಚಿಮ ಅಥವಾ ವಾಯವ್ಯದಿಂದ ಬಲವಾಗಿ ಬೀಸುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ 10 ಕಿ.ಮೀ. ಗಾಳಿ ನೇರ ಎದುರಾದರೆ ಪ್ರತಿರೋಧ ಎರಡೂಕಾಲು ಪಟ್ಟು. ಆದ್ದರಿಂದ ಬೆಳಿಗ್ಗೆ ಬೇಗ ಉತ್ತರಕ್ಕೆ ಹೊರಟು, ಬಿಸಿಲೇರುವ ಮೊದಲೇ ದಕ್ಷಿಣಕ್ಕೆ ಮರಳುವುದು ಜಾಣತನ. ಮಧ್ಯಾಹ್ನ ಕಾಪುವಿನಿಂದ ಮಲ್ಪೆಗೆ ವಾಪಸ್ ತುಳಿಯಬೇಕಾದರೆ ಅಷ್ಟು ಶಕ್ತಿ ಉಳಿಸಿಕೊಂಡಿರಿ.

ರಸ್ತೆಯ ಬಲಬದಿ ಸುರಕ್ಷಿತವೇ?

ಎದುರಿನ ವಾಹನ ಕಾಣುತ್ತದೆ, ಹಾಗಾಗಿ ಬಲಬದಿಯಲ್ಲೇ ಹೋಗಿ ಎಂಬ ಸಲಹೆ ನಡೆದು ಹೋಗುವವರಿಗೆ ಸರಿ. ಸೈಕಲ್ ಒಂದು ವಾಹನ, ಅದು ಎಡಬದಿಯಲ್ಲೇ ಸಾಗಬೇಕು. 60 ಕಿ.ಮೀ. ವೇಗದ ಕಾರು, 20 ಕಿ.ಮೀ. ವೇಗದ ಸೈಕಲ್ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ವ್ಯತ್ಯಾಸ 40, ಎದುರುಬದುರಾದರೆ 80. ಚಾಲಕರಿಗೆ ಬ್ರೇಕ್ ಹಾಕಲು ಸಿಗುವ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. ಅಡ್ಡರಸ್ತೆಯಿಂದ ಬರುವವರೂ ಆ ಕಡೆ ನೋಡಿರುವುದಿಲ್ಲ. ಹಿಂದೆ ಕೆಂಪು ದೀಪ, ಎದ್ದು ಕಾಣುವ ಬಣ್ಣದ ಅಂಗಿ ಇರಲಿ.

ಮಂಡಿ ಸವೆತ, ಗಂಡಸುತನದ ಭಯ

ಎರಡಕ್ಕೂ ಆಧಾರ ದುರ್ಬಲ. ಮಂಡಿ ನೋವಿಗೆ ಬಹುಪಾಲು ಕಾರಣ ತಗ್ಗಿನ ಸೀಟು. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಇನ್ನು ಪುರುಷರ ವಿಷಯ. 5,282 ಸೈಕಲ್ ಸವಾರರ ಬ್ರಿಟಿಷ್ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹೆಚ್ಚು ಹೊತ್ತು ಸೈಕಲ್ ತುಳಿಯುವುದಕ್ಕೂ ನಿಮಿರು ದೌರ್ಬಲ್ಯ ಅಥವಾ ಬಂಜೆತನಕ್ಕೂ ಸಂಬಂಧ ಅದರಲ್ಲಿ ಕಾಣಲಿಲ್ಲ. ತೊಡೆಸಂದಿ ಮರಗಟ್ಟಿದರೆ ಮಾತ್ರ ನಿರ್ಲಕ್ಷಿಸದೆ ಸೀಟಿನ ಎತ್ತರ, ಓರೆ ಸರಿಪಡಿಸಿ, ಆಗಾಗ ಎದ್ದು ನಿಂತು ತುಳಿಯಿರಿ.

ಉಪ್ಪು ಗಾಳಿಗೆ ಸೈಕಲ್ ಚೈನ್ ತುಕ್ಕು ಹಿಡಿಯುತ್ತದೆ ಎಂಬ ಮಾತೊಂದು ಮಾತ್ರ ಪೂರ್ತಿ ನಿಜ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ.