ಕಡತದಿಂದ ವರ್ಕ್‌ಬುಕ್‌ವರೆಗೆ



ನಿಮ್ಮಲ್ಲಿ ಬಹುಮಂದಿ ಕಚೇರಿಯಲ್ಲಿ ಎಕ್ಸೆಲ್ ತೆರೆಯದೆ ದಿನ ಕಳೆಯುವವರಲ್ಲ. ಪರದೆಯ ಕೆಳಗೆ ಹಾಳೆಗಳ ಹೆಸರುಗಳು ಸಾಲಾಗಿ ಕಾಣುತ್ತವೆಯಲ್ಲವೇ? ಅವುಗಳಿಗೂ ಒಂದು ಇತಿಹಾಸವಿದೆ. ಇತಿಹಾಸ ಬೋಧಿಸಿದವನಿಗೆ ಅದನ್ನು ಹೇಳದೆ ಇರಲಾಗದು.

ಲೆಕ್ಕವನ್ನು ಹಲವು ಪುಟಗಳಲ್ಲಿ ಹಂಚಿ ಒಂದೇ ಕಟ್ಟಿನಲ್ಲಿಡುವುದು ನಮ್ಮವರಿಗೆ ಹೊಸತಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಇಂದು ಕಚೇರಿಯ ಫೈಲಿಗೂ ನಾವು ಅದೇ ಹೆಸರನ್ನು ಉಳಿಸಿಕೊಂಡಿದ್ದೇವೆ. ವ್ಯಾಪಾರಿಗಳು ದಿನದ ವಹಿವಾಟನ್ನು ಕಿರ್ದಿಯಲ್ಲಿ ಬರೆದು, ಬಳಿಕ ಆಯಾ ಖಾತೆಗೆ ಏರಿಸುತ್ತಿದ್ದರು. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗ್ರಂಥವು ವಿವರಿಸುವ ಪದ್ಧತಿಯೂ ಇದೇ ಬಗೆಯದು.

ಕಂಪ್ಯೂಟರಾದರೋ ಒಂದೇ ಹಾಳೆಯಿಂದ ಆರಂಭಿಸಿತು. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕನ್ನರು 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್‌ನಲ್ಲಿ 254 ಅಡ್ಡಸಾಲು, 63 ಕಂಬಸಾಲುಗಳ ಒಂದು ಹಾಳೆಯಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಹಾಳೆಯನ್ನು ಹಿಗ್ಗಿಸಿತೇ ಹೊರತು ಹೆಚ್ಚಿಸಲಿಲ್ಲ. ಒಂದೇ ಹಾಳೆಯಲ್ಲಿ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ, ಒಂದರಲ್ಲಿ ಅಡ್ಡಸಾಲನ್ನು ಅಳಿಸಿದಾಗ ಪಕ್ಕದ ಪಟ್ಟಿಯ ಸಾಲೂ ಅಳಿದುಹೋಗುತ್ತಿತ್ತು.

1989ರಲ್ಲಿ ಲೋಟಸ್‌ನ ಮೂರನೆಯ ಆವೃತ್ತಿಯು ಒಂದೇ ಫೈಲಿನಲ್ಲಿ ಹಾಳೆಯ ಹಿಂದೆ ಹಾಳೆಯನ್ನಿಡಲು ಅವಕಾಶವಿತ್ತಿತು. 1992ರ ಬೋರ್ಲೆಂಡ್ ಕಂಪನಿಯ ಕ್ವಾಟ್ರೋ ಪ್ರೋ ಹಾಳೆಗಳಿಗೆ ನೋಟ್‌ಬುಕ್ಕಿನಂತೆ ಹೆಸರಿನ ಕಿವಿಗಳನ್ನು ಅಂಟಿಸಿತು. 1993ರ ಎಕ್ಸೆಲ್ 5 ಇದನ್ನೇ ವರ್ಕ್‌ಬುಕ್ ಆಗಿಸಿ, ಹೊಸ ಪುಸ್ತಕದಲ್ಲಿ 16 ಹಾಳೆಗಳನ್ನು ಕೊಟ್ಟಿತು. ಎಕ್ಸೆಲ್ 97ರಲ್ಲಿ ಅವು ಮೂರಾದವು. 2013ರ ಆವೃತ್ತಿಯಿಂದ ಒಂದೇ, ಬೇಕಾದವರು ಸೇರಿಸಿಕೊಳ್ಳಬೇಕು. ಶಿಕ್ಷಕರಿಗೆ ಇದರ ಉಪಯೋಗ ಸುಲಭವಾಗಿ ಅರ್ಥವಾಗುತ್ತದೆ: ಪ್ರತಿ ಕಿರುಪರೀಕ್ಷೆಗೊಂದು ಹಾಳೆ, ಕೊನೆಯಲ್ಲಿ ಒಟ್ಟು ಅಂಕಗಳದೊಂದು ಹಾಳೆ, ಒಂದೆಡೆ ಅಂಕ ತಿದ್ದಿದರೆ ಮೊತ್ತ ತಾನಾಗಿ ತಿದ್ದಿಕೊಳ್ಳುತ್ತದೆ.

ಆದರೆ ಕಾಗದದ ಪುಸ್ತಕದಲ್ಲಿ ಹಾಳೆಯನ್ನು ಮರೆಮಾಡಲಾಗದು, ಎಕ್ಸೆಲ್‌ನಲ್ಲಿ ಸಾಧ್ಯ. 2023ರ ಆಗಸ್ಟ್ 8ರಂದು ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯು, ಯಾವ ದರ್ಜೆಯಲ್ಲಿ ಎಷ್ಟು ಮಂದಿ ಇದ್ದಾರೆಂಬ ಪ್ರಶ್ನೆಗೆ ಮಾಹಿತಿ ಹಕ್ಕಿನಡಿ ಎಕ್ಸೆಲ್ ಫೈಲೊಂದನ್ನು ಕಳುಹಿಸಿತು. ಕಾಣುತ್ತಿದ್ದ ಅನಗತ್ಯ ಹಾಳೆಗಳನ್ನೆಲ್ಲ ಅಳಿಸಿದ್ದರು. ಮೂಲ ಮಾಹಿತಿಯ ಮರೆಯಾದ ಹಾಳೆ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದರಲ್ಲಿ 9,483 ಅಧಿಕಾರಿಗಳ ಹಾಗೂ ಸಿಬ್ಬಂದಿಯ ಕುಲನಾಮ, ಇನಿಷಿಯಲ್, ದರ್ಜೆ, ಕೆಲಸದ ಸ್ಥಳಗಳಿದ್ದವು. ಫೈಲು ಎರಡು ಗಂಟೆಗೂ ಹೆಚ್ಚು ಕಾಲ ಅಂತರ್ಜಾಲದಲ್ಲಿ ಬಹಿರಂಗವಾಗಿತ್ತು. ಸಶಸ್ತ್ರ ಗುಂಪುಗಳ ಭಯದಿಂದ ತಾವು ಪೊಲೀಸರೆಂಬುದನ್ನು ನೆರೆಹೊರೆಯವರಿಗೂ ಹೇಳದೆ ಬಾಳುವವರು ಅಲ್ಲಿದ್ದಾರೆ. ಅಂತಹವರ ಕುಟುಂಬಗಳ ನಿದ್ರೆಗೆಟ್ಟ ರಾತ್ರಿಗಳನ್ನು ಊಹಿಸಿಕೊಳ್ಳಿ. 2024ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯು ಇಲಾಖೆಗೆ 7,50,000 ಪೌಂಡ್ ದಂಡ ವಿಧಿಸಿತು.

ಆದುದರಿಂದ ನನ್ನದೊಂದು ಸಲಹೆ. ‘ಶೀಟ್ 1, ಶೀಟ್ 2’ ಎಂದು ಬಿಡದೆ ಪ್ರತಿ ಹಾಳೆಗೂ ಅರ್ಥವುಳ್ಳ ಹೆಸರಿಡಿ. ಮೊದಲ ಹಾಳೆಯನ್ನು ವಿಷಯಸೂಚಿಗೆ ಮೀಸಲಿಡಿ. ಹೊರಗಿನವರಿಗೆ ಕಳುಹಿಸುವಾಗ ಇಡೀ ಪುಸ್ತಕವನ್ನು ಕೊಡದೆ, ಬೇಕಾದ ಅಂಕಿಗಳನ್ನಷ್ಟೇ ಹೊಸ ಫೈಲಿಗೆ ಪ್ರತಿ ಮಾಡಿ ಕೊಡಿ. ಹಿಂದಿನ ಶಾನುಭೋಗರು ಕೇಳಿದ ಲೆಕ್ಕದ ನಕಲು ಬರೆದುಕೊಡುತ್ತಿದ್ದರೇ ಹೊರತು ಕಡತವನ್ನೇ ಎತ್ತಿ ಕೊಡುತ್ತಿರಲಿಲ್ಲ.